ಕೆಳಗೆ ಬಿದ್ದ ಮೇಲೆ

ಹಡಗಲಿಯ ಹಾಸ್ಟೆಲಿನಲ್ಲಿದ್ದು ಓದುವ ನನ್ನ ಅಕ್ಕನ ಮಗಳು ಕರಾಟೆ ಕಲಿಯುತ್ತಿದ್ದಾಳೆ. ಕಳೆದ ಸಲ ಊರಿಗೆ ಬಂದಾಗ ಅಂಗಳದಲ್ಲಿ ಗುದ್ದುವುದನ್ನೂ ಒದೆಯುವುದನ್ನೂ ಮಾಡಿ ತೋರಿಸಿದಳು. ನಾನು ಹುಡುಗನಾಗಿದ್ದಾಗ ಕೊಟ್ಟೂರಿನಲ್ಲಿ ನಾಲ್ಕು ವರ್ಷ ಗರಡಿಮನೆಗೆ ಹೋದವನೆಂದು ಅವಳಿಗೆ ಗೊತ್ತು. ‘ಮಾಮಾ, ಇವೆಲ್ಲ ನಿಂತಾಗ ಸರಿ. ಕೆಳಗ ಕೆಡವಿ ಮ್ಯಾಲೆ ಕುಂತರ ಏನ್ ಮಾಡ್ಬೇಕು?’ ಎಂದು ಕೇಳಿದಳು. ನೆಲದ ಮೇಲಿನ ಹಿಡಿತವನ್ನೇ ಕಲಿತ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರಿಗೆ ಕುಸ್ತಿ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಆಹಾರ, ಸಾಧನೆ, ಪಟ್ಟುಗಳ ವಿವರವಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯ ಬೆಳಗಿನ ಜಾವ ಎಣ್ಣೆ ತಿಕ್ಕಿಕೊಂಡು, ಕತ್ತಿ ತಿರುಗಿಸಿ, ಜಟ್ಟಿಯೊಬ್ಬನ ಜೊತೆ ಕುಸ್ತಿ ಹಿಡಿಯುತ್ತಿದ್ದುದನ್ನು ಬರೆದಿದ್ದಾನೆ. ಇಷ್ಟು ಹಳೆಯ ವಿದ್ಯೆ ಬೀದಿಯಲ್ಲಿ ಮೈಮೇಲೆ ಬಿದ್ದವನಿಂದ ನಮ್ಮನ್ನು ಕಾಪಾಡುತ್ತದೆಯೇ?

ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಆಟ ಮುಗಿಯಿತು. ಸೋತವನನ್ನು ಗೆದ್ದವನೇ ಕೈಹಿಡಿದು ಎಬ್ಬಿಸುತ್ತಾನೆ. ಬೀದಿಯಲ್ಲಿ ಬೆನ್ನು ನೆಲಕ್ಕೆ ತಾಗಿದ ಮೇಲೇ ನಿಜವಾದ ಪೆಟ್ಟುಗಳು ಶುರುವಾಗುತ್ತವೆ. ಇನ್ನೂ ಒಂದು ವಿಷಯವಿದೆ. ಚಿತ್ ಆಗಬಾರದೆಂದು ಕೆಳಗಿನ ಪೈಲ್ವಾನ ಬೋರಲು ಬಿದ್ದು ಮಣ್ಣಿಗೆ ಅಂಟಿಕೊಳ್ಳುತ್ತಾನೆ. ಅಖಾಡದಲ್ಲಿ ಅದು ಜಾಣತನ. ಆದರೆ ಟಾರು ರಸ್ತೆಯ ಮೇಲೆ ಹಾಗೆ ಬಿದ್ದವನು ತನ್ನ ಹಿಂದಲೆಯನ್ನು ಎದುರಾಳಿಗೆ ಒಪ್ಪಿಸಿದಂತೆ. ನಾಲ್ಕು ವರ್ಷ ಮೈಗೆ ಹತ್ತಿದ ಅಭ್ಯಾಸ ಆ ಗಳಿಗೆಯಲ್ಲಿ ನಮ್ಮನ್ನು ಕೇಳಿ ಕೆಲಸ ಮಾಡುವುದಿಲ್ಲ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹರಪನಹಳ್ಳಿಯ ಸಂತೆಯಲ್ಲಿ ಒಬ್ಬ ನನ್ನ ಕೊರಳಪಟ್ಟಿ ಹಿಡಿದ. ಕಾಲಿಗೆ ಕಾಲು ಕೊಟ್ಟು ಕೆಡವಿದೆ. ಅವನು ಬಿದ್ದ, ನಾನು ನಿಂತೇ ಇದ್ದೆ. ಹೊರಟುಹೋಗಬಹುದಿತ್ತು. ಆದರೆ ಸುತ್ತ ಜನ ನೋಡುತ್ತಿದ್ದರು. ಅವನ ಮೇಲೆ ಕೂತು ಎರಡೂ ಭುಜಗಳನ್ನು ನೆಲಕ್ಕೆ ಒತ್ತಿದೆ. ಅಷ್ಟರಲ್ಲಿ ಹಿಂದಿನಿಂದ ಅವನ ಗೆಳೆಯ ಒದ್ದ. ಎಡಗಿವಿ ಇವತ್ತಿಗೂ ಸರಿಯಾಗಿ ಕೇಳುವುದಿಲ್ಲ. ಬಹಳ ಕಾಲ ಆ ಗೆಳೆಯನನ್ನು ಬೈದುಕೊಂಡೆ. ಈಗ ಅನಿಸುತ್ತದೆ: ಅವನು ಬಿದ್ದ ಕ್ಷಣಕ್ಕೇ ನನ್ನ ಆತ್ಮರಕ್ಷಣೆ ಮುಗಿದಿತ್ತು. ಆಮೇಲೆ ನಾನು ಮಾಡಿದ್ದು ಕುಸ್ತಿ, ಅದೂ ಜನ ನೋಡಲಿ ಎಂದು.

ನೆಲದ ಹಿಡಿತವೇ ಎಲ್ಲಕ್ಕಿಂತ ಮೇಲು ಎನ್ನುವವರು 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿ ಪಂದ್ಯಾವಳಿಯನ್ನು ನೆನೆಯುತ್ತಾರೆ. ಬ್ರೆಜಿಲ್‌ನ ರಾಯ್ಸ್ ಗ್ರೇಸಿ ತನಗಿಂತ ದೊಡ್ಡ ಆಳುಗಳನ್ನು ನೆಲಕ್ಕೆಳೆದು ಒಂದೇ ರಾತ್ರಿ ಮೂವರನ್ನು ಸೋಲಿಸಿದ. ನಿಜ. ಆದರೆ ಆ ಮೂವರೂ ಒಬ್ಬರಾದ ಮೇಲೆ ಒಬ್ಬರು ಬಂದರು. ಅವರ ಗೆಳೆಯರು ಬೇಲಿಯ ಆಚೆಗಿದ್ದರು.

ನಮ್ಮ ಓಬವ್ವನಿಗೂ ಇದು ಗೊತ್ತಿತ್ತು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯವರು ಅವಳು ತಮ್ಮೂರ ಮಗಳೆಂದು ಹೇಳಿಕೊಳ್ಳುತ್ತಾರೆ. ಚಿತ್ರದುರ್ಗದ ಕೋಟೆಯಲ್ಲಿ ಅವಳು ನಿಂತದ್ದು ಒಬ್ಬರೇ ತೂರಬಹುದಾದ ಕಿಂಡಿಯ ಪಕ್ಕದಲ್ಲಿ, ಕೈಯಲ್ಲಿದ್ದದ್ದು ಒನಕೆ. ಒಬ್ಬೊಬ್ಬರಾಗಿ ಬರುವಂಥ ಜಾಗ ಅವಳಿಗೆ ಸಿಕ್ಕಿತ್ತು. ಸಂತೆಯಲ್ಲಿ ಅಂಥ ಕಿಂಡಿ ಇರುವುದಿಲ್ಲ.

ಹಾಗಾದರೆ ನೆಲದ ವಿದ್ಯೆ ದಂಡವೇ? ಹಾಗೆನ್ನಲು ಇನ್ನೊಂದು ರಾತ್ರಿಯ ನೆನಪು ಬಿಡುವುದಿಲ್ಲ. ಚಿಕ್ಕಪ್ಪನ ಮಗ ಕುಡಿದು ಬಂದು ಹೆತ್ತವ್ವನ ಮೇಲೆ ಕೈ ಎತ್ತಿದ್ದ. ಹಿಂದಿನಿಂದ ಸೊಂಟ ಹಿಡಿದು ಮೆಲ್ಲಗೆ ಕೆಡವಿ, ಅರ್ಧ ಗಂಟೆ ಮೇಲೆಯೇ ಮಲಗಿದೆ. ಬೈದ, ಉಗಿದ, ಕೊನೆಗೆ ಅತ್ತ. ಚಿಕ್ಕವ್ವ ತಲೆದೆಸೆಯಲ್ಲಿ ಕೂತಿದ್ದಳು. ಬೆಳಿಗ್ಗೆ ಇಬ್ಬರೂ ಒಂದೇ ಸಾಲಿನಲ್ಲಿ ಕೂತು ರೊಟ್ಟಿ ತಿಂದೆವು. ಗುದ್ದಿದ್ದರೆ ಅವನ ಹಲ್ಲು ಹೋಗುತ್ತಿತ್ತು, ಜೊತೆಗೆ ನಮ್ಮಿಬ್ಬರ ಮಾತೂ. ನೋಯಿಸದೆ ತಡೆಯುವುದು ಹಿಡಿತಕ್ಕೆ ಸಾಧ್ಯವಿರುವಷ್ಟು ಗುದ್ದಿಗಿಲ್ಲ. ಆದರೆ ಅವನು ಒಬ್ಬನೇ ಇದ್ದ, ಬರಿಗೈಯಲ್ಲಿದ್ದ, ಸುತ್ತ ನಮ್ಮವರೇ ಇದ್ದರು. ಕೈಯಲ್ಲಿ ಕುಡುಗೋಲಿದ್ದಿದ್ದರೆ ಅಷ್ಟು ಹತ್ತಿರ ಹೋಗುವುದೇ ತಪ್ಪಾಗುತ್ತಿತ್ತು.

ಕಾನೂನೂ ಈ ಅಳತೆಯನ್ನು ಬಲ್ಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಆತ್ಮರಕ್ಷಣೆಯ ಹಕ್ಕನ್ನು 34ರಿಂದ 44ರವರೆಗಿನ ಸೆಕ್ಷನ್‌ಗಳಲ್ಲಿ ವಿವರಿಸುತ್ತದೆ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂಬುದು 37ನೆಯ ಸೆಕ್ಷನ್‌ನಲ್ಲೇ ಇದೆ. ಅಪಾಯದ ಭಯ ಹೋದರೆ ಹಕ್ಕೂ ಹೋಯಿತು. ಹರಪನಹಳ್ಳಿಯಲ್ಲಿ ನಾನು ದಾಟಿದ್ದು ಈ ಗೆರೆಯನ್ನೇ.

ಇಷ್ಟೆಲ್ಲ ಯೋಚಿಸುವಾಗ ನಾನು ಗಂಡಸಿನ ಜಾಗದಲ್ಲಿ ನಿಂತೇ ಯೋಚಿಸಿದೆನೆಂದು ಆಮೇಲೆ ಹೊಳೆಯಿತು. ನೆಲಕ್ಕೆ ಹೋಗಬೇಕೋ ಬೇಡವೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅವಳ ಪ್ರಶ್ನೆಯಲ್ಲಿ ಆ ಆಯ್ಕೆಯೇ ಇರಲಿಲ್ಲ, ಅವಳನ್ನು ಯಾರೋ ಆಗಲೇ ಕೆಡವಿದ್ದರು. ನೆಲ ಅಪಾಯದ ಜಾಗ ಎಂಬುದೇ ನೆಲದ ವಿದ್ಯೆಯನ್ನು ಕಲಿಯಲು ಕಾರಣ. ಅಲ್ಲಿ ಗೆಲ್ಲಲು ಅಲ್ಲ, ಅಲ್ಲಿಂದ ಏಳಲು.

ಮರುದಿನ ಅಂಗಳದಲ್ಲಿ ಚಾಪೆ ಹಾಸಿ ಅಕ್ಕನನ್ನೇ ಮಗಳ ಹೊಟ್ಟೆಯ ಮೇಲೆ ಕೂರಿಸಿದೆ. ‘ಅವ್ವನ ಒಂದು ಕೈ ಎದೆಗೆ ಅವಚಿಕೋ. ಅದೇ ಕಡೆಯ ಕಾಲನ್ನು ನಿನ್ನ ಕಾಲಿಂದ ಸಿಕ್ಕಿಸು. ಈಗ ಸೊಂಟ ಎತ್ತಿ ಅದೇ ಮಗ್ಗುಲಿಗೆ ಹೊರಳು,’ ಎಂದೆ. ನಾಲ್ಕನೆಯ ಸಲಕ್ಕೆ ಅಕ್ಕ ಉರುಳಿದಳು, ಇಬ್ಬರೂ ನಕ್ಕರು. ಮಗಳು ಅವ್ವನ ಮೇಲೆ ಕೂತು ಕೇಳಿದಳು, ‘ಈಗೇನ್ ಮಾಡ್ಲಿ ಮಾಮಾ?’

ಗರಡಿಯಲ್ಲಿ ನನಗೆ ಯಾರೂ ಹೇಳಿಕೊಡದ ಪಟ್ಟು ಅದು. ‘ಎದ್ದು ಓಡು,’ ಎಂದೆ.