ಗಾಲಿಮನೆಯ ನಾಯಿಗೆ ಊರು ಯಾವುದು?

ಕಳೆದ ವರ್ಷ ಬೇಸಗೆಯ ರಜೆಗೆ ಕೆಲವು ದಿನಗಳ ಮುಂಚೆ, ಜತ್ತ ಸೀಮೆಯ ನಮ್ಮ ಶಾಲೆಯಲ್ಲಿ ನಾಲ್ಕನೆಯ ತರಗತಿಯ ಬಾಲಿಕೆಯೊಬ್ಬಳು ಒಂದು ಪ್ರಶ್ನೆಯನ್ನು ಕೇಳಿದಳು. ಹಿಂದಿನ ದಿನ ಅವಳು ಅಣ್ಣನ ಮೊಬೈಲಿನಲ್ಲಿ ಒಂದು ಚಲಚ್ಚಿತ್ರದ ತುಣುಕನ್ನು ನೋಡಿದ್ದಳು. ಅಮೆರಿಕದ ದಂಪತಿಗಳಿಬ್ಬರು ಮನೆಯನ್ನು ಮಾರಿ, ಬಸ್ಸಿನಂತಹ ದೊಡ್ಡ ವಾಹನದಲ್ಲಿ ಎರಡು ನಾಯಿಗಳೊಡನೆ ವರ್ಷವೆಲ್ಲ ಸಂಚರಿಸುತ್ತ, ಅದರಲ್ಲಿಯೇ ಬದುಕುತ್ತಿದ್ದಾರಂತೆ. ಅದನ್ನೆಲ್ಲ ವರ್ಣಿಸಿ ಆದ ಮೇಲೆ ಅವಳು ಕೇಳಿದಳು: “ಗುರುಗಳ, ಆ ನಾಯಿಗೋಳ ಊರು ಯಾವುದ್ರೀ?”

ಮಕ್ಕಳೆಲ್ಲ ನಕ್ಕರು. ನಾವೂ ನಕ್ಕೆವು. ಆದರೆ ಸಂಜೆ ಶಾಲೆಯ ಬಾಗಿಲಿಗೆ ಬೀಗ ಹಾಕುವ ಹೊತ್ತಿಗೆ ನಗು ಉಳಿದಿರಲಿಲ್ಲ, ಪ್ರಶ್ನೆ ಮಾತ್ರ ಉಳಿದಿತ್ತು. ಆ ದಂಪತಿಗಳು ತಮ್ಮ ಇಚ್ಛೆಯಿಂದ ಊರನ್ನು ಬಿಟ್ಟರು. ನಾಯಿಗಳು ಯಾರ ಇಚ್ಛೆಯಿಂದ ಬಿಟ್ಟವು? ಮನುಷ್ಯನು ತನ್ನ ಸ್ವಾತಂತ್ರ್ಯವನ್ನು ಅರಸಿ ಹೊರಟಾಗ, ಮಾತುಬಾರದ ಒಂದು ಜೀವವನ್ನು ತನ್ನೊಡನೆ ಒಯ್ಯುವುದು ಧರ್ಮವೇ? ಇದು ದೂರದೇಶದ ಶ್ರೀಮಂತರ ವಿನೋದಕ್ಕೆ ಸಂಬಂಧಿಸಿದ ಪ್ರಶ್ನೆಯೆಂದು ತಳ್ಳಿಹಾಕಲು ನಮಗೆ ಸಾಧ್ಯವಾಗಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇವೆ.

ಮೊದಲು ಆ ಗಾಲಿಮನೆ ಎಂತಹದೆಂಬುದನ್ನು ತಿಳಿಯಬೇಕು. ಮಲಗಲು ಮಂಚ, ಅಡುಗೆಗೆ ಗ್ಯಾಸಿನ ಒಲೆ, ಶುದ್ಧ ನೀರಿಗೆ ಒಂದು ತೊಟ್ಟಿ, ಕೊಳೆನೀರಿಗೆ ಇನ್ನೊಂದು, ದೀಪಕ್ಕೆ ಬ್ಯಾಟರಿ. ಹಲವು ವಾಹನಗಳಲ್ಲಿ ಛಾವಣಿಯ ಮೇಲೆ ಸೌರಫಲಕ. ಹೊರಗಿನಿಂದ ನೋಡಿದರೆ ಇದು ಪರಮ ಸ್ವಾತಂತ್ರ್ಯ. ಒಳಹೊಕ್ಕು ನೋಡಿದರೆ ಇಲ್ಲಿಯೂ ಕಟ್ಟುಪಾಡುಗಳುಂಟು. ಅಮೆರಿಕದ ಪಶ್ಚಿಮ ಭಾಗದ ಸರಕಾರಿ ಬಯಲುಗಳಲ್ಲಿ ಬಾಡಿಗೆಯಿಲ್ಲದೆ ಬೀಡುಬಿಡಬಹುದು. ಆದರೆ ಸಾಮಾನ್ಯವಾಗಿ ಒಂದೆಡೆ ೧೪ ದಿನಗಳಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಹೀಗೆ ಬದುಕುವವರೆಲ್ಲರೂ ವಿನೋದಕ್ಕಾಗಿ ಹೊರಟವರಲ್ಲ. ೨೦೦೮ರ ಆರ್ಥಿಕ ಕುಸಿತದ ಬಳಿಕ ಮನೆಯನ್ನು ಉಳಿಸಿಕೊಳ್ಳಲಾರದೆ ವಾಹನಗಳಲ್ಲಿ ನೆಲೆನಿಂತು, ಋತುವಿಗೊಂದು ಕೂಲಿಯನ್ನು ಅರಸಿ ಅಲೆಯುವ ವೃದ್ಧರನ್ನು ಕುರಿತು ಜೆಸ್ಸಿಕಾ ಬ್ರೂಡರ್ ಎಂಬ ಲೇಖಕಿ ೨೦೧೭ರಲ್ಲಿ ‘ನೋಮ್ಯಾಡ್‌ಲ್ಯಾಂಡ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅಂತಹವರಲ್ಲಿ ಕೆಲವರಿಗೆ ರಾತ್ರಿಯ ಹೊತ್ತು ಪಕ್ಕದಲ್ಲಿ ಉಸಿರಾಡುವ ಸಂಸಾರವೆಂದರೆ ಒಂದು ನಾಯಿ ಮಾತ್ರ. ಆದುದರಿಂದ ಅವಸರದಲ್ಲಿ ತೀರ್ಪು ಕೊಡುವುದು ಸಲ್ಲದು.

ಈ ಬಗೆಯ ಸಂಚಾರಗಳಲ್ಲಿ ಪ್ರಸಿದ್ಧವಾದುದು ಜಾನ್ ಸ್ಟೈನ್‌ಬೆಕ್ ಎಂಬ ಕಾದಂಬರಿಕಾರರದು. ಅವರು ೧೯೬೦ರ ಸೆಪ್ಟೆಂಬರಿನಲ್ಲಿ, ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ, ನ್ಯೂಯಾರ್ಕ್ ಪ್ರಾಂತದ ಸ್ಯಾಗ್ ಹಾರ್ಬರ್ ಎಂಬ ಊರಿನಿಂದ ಹೊರಟರು. ಸಣ್ಣ ಲಾರಿಯ ಮೇಲೆ ಒಂದು ಪುಟ್ಟ ಮನೆಯನ್ನು ಕೂರಿಸಿ, ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ನೆನಪಿಗಾಗಿ ಅದಕ್ಕೆ ‘ರೋಸಿನಾಂಟೆ’ ಎಂದು ಹೆಸರಿಟ್ಟಿದ್ದರು. ಜೊತೆಗೆ ಚಾರ್ಲಿ ಎಂಬ ನಾಯಿ. ಅದು ಫ್ರಾನ್ಸಿನಲ್ಲಿ ಹುಟ್ಟಿದ ಪೂಡಲ್ ಜಾತಿಯದು. ಆ ವೇಳೆಗೆ ಮುದಿತನದ ಹೊಸ್ತಿಲಲ್ಲಿತ್ತು. ಸುಮಾರು ಹತ್ತು ಸಾವಿರ ಮೈಲಿಗಳ ಆ ಸಂಚಾರದ ಕಥನ ೧೯೬೨ರಲ್ಲಿ ‘ಟ್ರಾವೆಲ್ಸ್ ವಿತ್ ಚಾರ್ಲಿ’ ಎಂಬ ಹೆಸರಿನಿಂದ ಹೊರಬಂದಿತು. ಅದೇ ವರ್ಷ ಅವರಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು.

ಸ್ಟೈನ್‌ಬೆಕ್ಕರು ಚಾರ್ಲಿಯನ್ನು ಕರೆದೊಯ್ದುದು ಏಕೆ? ಒಂಟಿತನದ ಅಂಜಿಕೆಯಿಂದ. ಅಪರಿಚಿತರೊಡನೆ ಮಾತು ಬೆಳೆಸಲು ನಾಯಿಯೇ ಒಳ್ಳೆಯ ದೂತನೆಂಬುದನ್ನೂ ಅವರು ಮುಚ್ಚಿಡಲಿಲ್ಲ. ಎಂದರೆ ಆ ಸಂಚಾರದ ಪ್ರಯೋಜನಗಳೆಲ್ಲ ಮನುಷ್ಯನವು. ನಾಯಿಯ ಪಾಲಿಗೆ ಬಂದುದಾದರೂ ಏನು? ದಾರಿಯಲ್ಲಿ ಚಾರ್ಲಿಗೆ ಮೂತ್ರದ ಬಾಧೆ ತಗಲಿತು. ಒಬ್ಬ ಪಶುವೈದ್ಯನು ಅಸಡ್ಡೆಯಿಂದ ನೋಡಿದನು, ಟೆಕ್ಸಾಸಿನ ಇನ್ನೊಬ್ಬನು ಅಕ್ಕರೆಯಿಂದ ಗುಣಪಡಿಸಿದನು. ಶಿಕಾಗೋ ನಗರದಲ್ಲಿ ಸ್ಟೈನ್‌ಬೆಕ್ಕರು ಪತ್ನಿಯನ್ನು ಕಂಡು ಹೋಟೆಲಿನಲ್ಲಿ ತಂಗಿದಾಗ, ಚಾರ್ಲಿಯನ್ನು ನಾಯಿಗಳ ವಸತಿಗೆ ಒಪ್ಪಿಸಬೇಕಾಯಿತು. ಅರ್ಧ ಶತಮಾನದ ಬಳಿಕ ಅದೇ ದಾರಿಯನ್ನು ಹಿಡಿದು ಹೋದ ಪತ್ರಕರ್ತರೊಬ್ಬರು, ಗ್ರಂಥದಲ್ಲಿ ಹೇಳಿದಷ್ಟು ರಾತ್ರಿಗಳನ್ನು ಲೇಖಕರು ಲಾರಿಯಲ್ಲಿ ಕಳೆದಿರಲಿಲ್ಲವೆಂದೂ, ಪತ್ನಿ ಅನೇಕ ದಿನ ಜೊತೆಯಲ್ಲಿದ್ದರೆಂದೂ ತೋರಿಸಿಕೊಟ್ಟರು. ಮನುಷ್ಯನಿಗೆ ಬೇಸರವಾದಾಗ ಗಾಲಿಮನೆಯಿಂದ ಇಳಿದು ಹೋಗುವ ದಾರಿಯುಂಟು. ನಾಯಿಗೆ ಆ ದಾರಿಯಿಲ್ಲ.

“ನಾಯಿಗೆ ಊರೇಕೆ? ಒಡೆಯನಿದ್ದಲ್ಲಿಯೇ ಅದರ ಊರು” ಎಂದು ಕೆಲವರು ಹೇಳಿಯಾರು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಹಂಗೇರಿಯ ಸಂಶೋಧಕರು ೧೯೯೮ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ ನಾಯಿಗಳನ್ನು ಅಪರಿಚಿತ ಕೋಣೆಗೆ ಕರೆತಂದು ನೋಡಿದರು. ಒಡೆಯನು ಒಳಗಿದ್ದಾಗ ಅವು ಹೆಚ್ಚು ಧೈರ್ಯದಿಂದ ಆಡಿದವು, ಕೋಣೆಯನ್ನು ಮೂಸಿ ನೋಡಿದವು. ಅವನು ಹೊರಗೆ ಹೋದಾಗ ಬಾಗಿಲಲ್ಲಿ ನಿಂತವು. ಎಳೆಯ ಮಕ್ಕಳನ್ನು ಕುರಿತ ಪರೀಕ್ಷೆಯನ್ನೇ ಅವರು ನಾಯಿಗಳಿಗೆ ಒಗ್ಗಿಸಿದ್ದರು. ಹೊಸ ಸ್ಥಳದಲ್ಲಿ ಮಗುವಿಗೆ ತಾಯಿ ಹೇಗೋ ನಾಯಿಗೆ ಒಡೆಯನೂ ಹಾಗೆ ಆಸರೆ ಎಂದಾಯಿತು. ಆದರೆ ಈ ಸಾಕ್ಷ್ಯ ಎರಡು ಕಡೆಗೂ ಹರಿಯುತ್ತದೆ. ಅಷ್ಟರಮಟ್ಟಿಗೆ ನಂಬಿದ ಜೀವವು “ಬರಲೊಲ್ಲೆ” ಎಂದು ಹೇಳಲಾರದು. ಮಗುವು ತಾಯಿಯ ಸೆರಗನ್ನು ಹಿಡಿದು ಬಂದಿತೆಂಬ ಮಾತ್ರಕ್ಕೆ ಪಯಣಕ್ಕೆ ಅದರ ಸಮ್ಮತಿಯಿತ್ತೆಂದು ಹೇಳಬಹುದೇ?

ನಾಯಿಯೊಡನೆ ಅಲೆಯುವ ಬಾಳು ನಮ್ಮ ಸೀಮೆಗೆ ಹೊಸದಲ್ಲ. ದೀಪಾವಳಿಯ ಬಳಿಕ ಕುರುಬರು ಕುರಿಹಿಂಡುಗಳನ್ನು ಹೊಡೆದುಕೊಂಡು ನಮ್ಮ ಹೊಲಗಳನ್ನು ಹಾದು ಹೋಗುವುದನ್ನು ಮಕ್ಕಳೆಲ್ಲರೂ ಕಂಡಿದ್ದಾರೆ. ಕುದುರೆಯ ಬೆನ್ನ ಮೇಲೆ ಸಂಸಾರ, ಅದರ ಮೇಲೊಂದು ಕೋಳಿಯ ಬುಟ್ಟಿ, ಹಿಂದೆ ಮುಂದೆ ನಾಯಿಗಳು. ಆ ನಾಯಿಗಳಿಗೂ ಊರಿಲ್ಲ. ಆದರೆ ಅವುಗಳಿಗೆ ಕೆಲಸವುಂಟು. ರಾತ್ರಿ ತೋಳನ ವಾಸನೆ ಹತ್ತಿದಾಗ ಕುರಿಗಾರನ ಬಾಳು ಅವುಗಳ ಕೈಯಲ್ಲಿರುತ್ತದೆ. ಅಲ್ಲಿ ಅವಲಂಬನೆ ಪರಸ್ಪರವಾದುದು. ಗಾಲಿಮನೆಯ ನಾಯಿಯಾದರೋ ಕಿಟಕಿಯ ಬಳಿ ಕುಳಿತು ಹಿಂದೆ ಸರಿಯುವ ಲೋಕವನ್ನು ನೋಡುತ್ತದೆ. ಅಲ್ಲಿ ಒಡೆಯನ ಋಣ ದೊಡ್ಡದು.

ಇನ್ನು ನಾವು ಮುಂದೆ ಹೇಳುತ್ತೇವೆಂದ ಮಾತು. ಹನ್ನೊಂದು ವರ್ಷಗಳ ಹಿಂದೆ ನಾವು ಮೊದಲು ಸೇರಿದ ಹಳ್ಳಿಯ ಶಾಲೆಯಲ್ಲಿ ಒಂದು ಕರಿಯ ನಾಯಿ ನಮ್ಮ ಕೋಣೆಗೆ ಬಂದು ಉಳಿಯಿತು. ಬೆಳಗ್ಗೆ ನಮ್ಮೊಡನೆ ಶಾಲೆಗೆ ಬರುತ್ತಿತ್ತು, ಪ್ರಾರ್ಥನೆಯ ಸಾಲಿನ ಕೊನೆಯಲ್ಲಿ ಕುಳಿತುಕೊಳ್ಳುತ್ತಿತ್ತು. ಒಂಟಿಯಾಗಿದ್ದ ನಮಗೆ ಅದೇ ಸಂಗಾತಿ. ನಾಲ್ಕು ವರ್ಷಗಳ ಮೇಲೆ ವರ್ಗಾವಣೆಯ ಆಜ್ಞೆ ಬಂದಿತು. ಹೊಸ ಊರಿನಲ್ಲಿ ಬಾಡಿಗೆಗೆ ದೊರೆತ ಕೋಣೆಯ ಮಾಲಿಕರು ನಾಯಿಯನ್ನು ತರಕೂಡದೆಂದರು. ಬೇರೆ ಕೋಣೆಯನ್ನು ಹುಡುಕಬಹುದಿತ್ತು, ಹುಡುಕಲಿಲ್ಲ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಆಯಿಯ ಕೈಯಲ್ಲಿ ಐನೂರು ರೂಪಾಯಿಗಳನ್ನಿಟ್ಟು, “ಇದನ್ನ ನೋಡ್ಕೋ ಆಯಿ” ಎಂದು ಹೇಳಿ ಬಸ್ಸು ಹತ್ತಿದೆವು.

ಒಂದು ವರ್ಷದ ಬಳಿಕ ಆ ಊರಿಗೆ ಹೋಗಬೇಕಾಯಿತು. ದಾರಿಯುದ್ದಕ್ಕೂ, ಅದು ನಮ್ಮನ್ನು ಮರೆತಿದ್ದರೆ ಸಾಕು ಎಂದು ಬೇಡಿಕೊಂಡೆವು. ನಾಯಿ ಬಂದಿತು, ನಮ್ಮ ಕೈಯನ್ನು ಮೂಸಿತು, ಒಮ್ಮೆ ಬಾಲ ಆಡಿಸಿತು, ಮರಳಿ ಹೋಗಿ ಆಯಿಯ ಅಂಗಳದಲ್ಲಿ ಮಲಗಿತು. ಮರೆತಿರಲೆಂದು ಬೇಡಿಕೊಂಡಿದ್ದ ನಾವೇ ಆ ಕ್ಷಣ ನೊಂದೆವು. ಆಗ ನಮಗೆ ಒಂದು ಕಹಿಸತ್ಯ ತಿಳಿಯಿತು. ನಾವು ಪ್ರೀತಿಯೆಂದು ಕರೆದುದರಲ್ಲಿ ಬಹುಪಾಲು, ನಮ್ಮನ್ನು ಕಾಯುವ ಜೀವವೊಂದು ಇರಲಿ ಎಂಬ ಆಸೆಯೇ ಆಗಿತ್ತು. ನಾಯಿಗೆ ಹಿತವಾಯಿತು, ಆದರೆ ಆ ಹಿತವನ್ನು ಮಾಡಿದವಳು ಆಯಿ, ನಾವಲ್ಲ. ಹಿತವಾಯಿತೆಂಬುದರಿಂದ ನಮ್ಮ ತಪ್ಪು ಒಪ್ಪಾಗಲಾರದು.

ಹೀಗೆ ಬಿಟ್ಟುಹೋದ ನಾವು, ಜೊತೆಗೆ ಒಯ್ದವರನ್ನು ದೂಷಿಸಲು ಅರ್ಹರೇ? ಅಲ್ಲ. ಆದರೂ ಒಯ್ಯುವುದೇ ಧರ್ಮ, ಬಿಡುವುದೇ ಅಧರ್ಮ ಎಂದು ವಿಧಿಸಿದರೆ ಪ್ರಶ್ನೆ ಬಗೆಹರಿಯುವುದಿಲ್ಲ. ಒಯ್ದೂ ಕೊಲ್ಲಬಹುದು. ೨೨ ಡಿಗ್ರಿ ಉಷ್ಣತೆಯ ಹಿತವಾದ ದಿನದಲ್ಲಿಯೂ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಗಿನ ತಾಪ ಒಂದು ಗಂಟೆಯಲ್ಲಿ ೪೦ ಡಿಗ್ರಿಯನ್ನು ಮೀರುತ್ತದೆ. ಏರಿಕೆಯ ಹೆಚ್ಚಿನ ಭಾಗ ಮೊದಲ ಅರ್ಧ ಗಂಟೆಯಲ್ಲಿಯೇ ಆಗಿಬಿಡುತ್ತದೆ. ನಾಯಿ ಮನುಷ್ಯನಂತೆ ಮೈಯೆಲ್ಲ ಬೆವರಿ ತಣಿಯಲಾರದು, ನಾಲಗೆ ಚಾಚಿ ಏದುಸಿರು ಬಿಡುವುದೇ ಅದರ ಮುಖ್ಯ ಉಪಾಯ. “ಈಗ ಬಂದೆ” ಎಂದು ಅಂಗಡಿಗೆ ಹೋದವನ ಅಜಾಗ್ರತೆ ಸಾಕು. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ನಾಯಿಗಳನ್ನು ಕಾಲುದಾರಿಗಳಿಗೆ ಒಯ್ಯುವಂತಿಲ್ಲ. ಅದು ವನ್ಯಮೃಗಗಳಿಗೂ ನಾಯಿಗೂ ಕ್ಷೇಮಕರವಾದ ನಿಯಮ. ಬಿಸಿನೀರಿನ ಬುಗ್ಗೆಗಳ ಬಳಿಗೆ ನಡೆದುಹೋಗಬೇಕೆಂದು ಸಾವಿರ ಮೈಲಿ ಬಂದವನು ಅಲ್ಲಿ ಒಂದನ್ನು ಆರಿಸಿಕೊಳ್ಳಬೇಕು: ಬುಗ್ಗೆಯೋ, ನಾಯಿಯ ಬಳಿ ಕುಳಿತಿರುವುದೋ?

ಇಂತಹ ಆಯ್ಕೆಯ ಕ್ಷಣದಲ್ಲಿಯೇ ಧರ್ಮದ ಪರೀಕ್ಷೆ ಇದೆಯೆಂದು ನಮಗೆ ತೋರುತ್ತದೆ. ಮಹಾಭಾರತದ ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಹಿಂದೆ ಒಂದು ನಾಯಿ ನಡೆದು ಬಂದಿತು. ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದರು, ನಾಯಿ ಉಳಿಯಿತು. ಇಂದ್ರನು ರಥವನ್ನು ತಂದು, ನಾಯಿಯನ್ನು ಬಿಟ್ಟು ಹತ್ತು ಎಂದನು. ಧರ್ಮರಾಯನು ರಥವನ್ನೇ ಬಿಡಲು ಸಿದ್ಧನಾದನು. ನಾವು ಮಕ್ಕಳಿಗೆ ಈ ಕಥೆಯನ್ನು ಹೇಳುವಾಗ, ಆ ನಾಯಿ ಧರ್ಮದೇವತೆಯಾಗಿತ್ತೆಂದು ಹೇಳಿ ಮುಗಿಸುತ್ತೇವೆ. ಆದರೆ ಆ ಗುಟ್ಟು ಅವನಿಗೆ ತಿಳಿದಿರಲಿಲ್ಲ. ಅವನ ಕಣ್ಣಿಗೆ ಅದು ಬರಿಯ ನಾಯಿ, ನಂಬಿ ಬಂದ ನಾಯಿ. ಸ್ವರ್ಗದ ದಾರಿ ಅದರ ಸಲುವಾಗಿ ನಿಂತಿತು.

ಸ್ಟೈನ್‌ಬೆಕ್ಕರ ಕಥನದಲ್ಲಿಯೂ ದಾರಿ ನಿಂತ ಎರಡು ಸಂದರ್ಭಗಳಿವೆ. ನಯಾಗರದ ಬಳಿ ಕೆನಡಾದೊಳಗಿಂದ ಹಾದುಹೋಗುವುದು ಅವರ ಯೋಜನೆ. ಚಾರ್ಲಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದ ಪ್ರಮಾಣಪತ್ರ ಕೈಯಲ್ಲಿರಲಿಲ್ಲ. ಅದಿಲ್ಲದೆ ಅಮೆರಿಕದವರು ನಾಯಿಯನ್ನು ಮರಳಿ ಸೇರಿಸಲಾರರೆಂದು ಗಡಿಯ ಅಧಿಕಾರಿ ಎಚ್ಚರಿಸಿದನು. ಅವರು ಲಾರಿಯನ್ನು ಹಿಂದಕ್ಕೆ ತಿರುಗಿಸಿದರು. ಯೆಲ್ಲೊಸ್ಟೋನಿನಲ್ಲಿ ಕರಡಿಗಳನ್ನು ಕಂಡೊಡನೆ ಶಾಂತಸ್ವಭಾವದ ಚಾರ್ಲಿ ರೌದ್ರಾವೇಶದಿಂದ ಬೊಗಳತೊಡಗಿತು. ಅಲ್ಲಿಯೂ ಅವರು ಉದ್ಯಾನವನ್ನು ನೋಡುವುದನ್ನು ಬಿಟ್ಟು ಹಿಂದಿರುಗಿದರು. ಅವರ ಕಥನದಲ್ಲಿ ಎಷ್ಟು ಕಲ್ಪನೆಯಿದ್ದರೂ ಇರಲಿ, ಈ ಎರಡು ತಿರುವುಗಳು ನಮಗೆ ಮಾನ್ಯವಾಗಿವೆ. ನಾಯಿಯು ಹೊರಡುವಾಗ ಸಮ್ಮತಿ ಕೊಡಲಾರದು. ಆದರೆ ದಾರಿಯಲ್ಲಿ ಅದು ದಿನವೂ ಮಾತನಾಡುತ್ತದೆ: ಏದುಸಿರಿನಿಂದ, ಊಟ ಬಿಡುವುದರಿಂದ, ಮೆಟ್ಟಿಲ ಬಳಿ ಹಿಂಜರಿಯುವುದರಿಂದ. ಅದನ್ನು ಕೇಳಿ ಗಾಡಿಯನ್ನು ನಿಲ್ಲಿಸಬಲ್ಲವನಿಗೆ, ಬೇಕಾದರೆ ತಿರುಗಿಸಬಲ್ಲವನಿಗೆ, ನಾಯಿಯನ್ನು ಒಯ್ಯುವ ಹಕ್ಕುಂಟು. ಉಳಿದವನಿಗೆ ಅದು ಸಾಮಾನಿನೊಡನೆ ಇನ್ನೊಂದು ಸಾಮಾನು.

ನಮ್ಮ ಗಡಿನಾಡಿನವರಿಗೆ ಊರೆಂದರೇನೆಂಬುದನ್ನು ಬೇರೆಯವರು ಕಲಿಸಬೇಕಾಗಿಲ್ಲ. ನಮ್ಮ ಜತ್ತವು ೧೯೪೮ರವರೆಗೆ ಸಂಸ್ಥಾನವಾಗಿತ್ತು, ಆಮೇಲೆ ಮುಂಬಯಿ ಪ್ರಾಂತಕ್ಕೆ ಸೇರಿತು, ೧೯೬೦ರಿಂದ ಮಹಾರಾಷ್ಟ್ರದಲ್ಲಿದೆ. ನಮ್ಮ ಅಜ್ಜಂದಿರು ಅದೇ ಕಟ್ಟೆಯ ಮೇಲೆ ಕುಳಿತಿದ್ದಂತೆಯೇ ಸೀಮೆಗಳು ಸರಿದಾಡಿದವು. ಪತ್ರದ ಮೇಲಿನ ವಿಳಾಸ ಬದಲಾದರೂ ಊರು ಉಳಿಯಿತು. ಏಕೆಂದರೆ ನಮ್ಮ ಮಾತನ್ನು ತಿಳಿಯುವವರು ಅಲ್ಲಿ ಇದ್ದರು. ನಾಯಿಯ ವಿಷಯದಲ್ಲಿಯೂ ಇದಕ್ಕಿಂತ ಬೇರೆಯದನ್ನು ಹೇಳಲು ನಮಗೆ ತೋಚುವುದಿಲ್ಲ.

ಆದುದರಿಂದ ರಜೆ ಮುಗಿದು ಶಾಲೆ ತೆರೆದಾಗ, ಐದನೆಯ ತರಗತಿಗೆ ಬಂದಿದ್ದ ಆ ಬಾಲಿಕೆಗೆ ನಮ್ಮ ಉತ್ತರವನ್ನು ಹೇಳಿದೆವು: “ಅವುಗಳ ಮಾತನ್ನು ತಿಳಿದು ಎಲ್ಲಿ ಗಾಡಿ ನಿಲ್ಲುತ್ತದೆಯೋ ಅದೇ ಅವುಗಳ ಊರು, ತಂಗಿ.”

ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರ ಬಸ್ಸು ಹತ್ತಿ ಹೋದವರ ನಾಯಿಗೆ ಊರು ಯಾರು ಕೊಡ್ತಾರ್ರೀ?” ಎಂದು ಕೇಳಿದಳು. ನಮ್ಮ ಹಳೆಯ ಕಥೆ ಅವಳಿಗೆ ತಿಳಿದಿರಲಿಲ್ಲ. ನಮಗೆ ಆಯಿಯ ಅಂಗಳದ ನೆನಪಾಯಿತು. ಮುಂದಿನ ಭಾನುವಾರ ಆ ಊರಿಗೆ ಹೋಗಿ ಬಂದೆವು.