ಕಿರಿಯ ಸದಸ್ಯರ ಮತಾಧಿಕಾರ: ಒಂದು ನೈತಿಕ ವಿವೇಚನೆ

ಸಂಸ್ಥೆಯೊಂದರ ಸದಸ್ಯತ್ವವೆಂದರೇನು? ಶುಲ್ಕ ಸಲ್ಲಿಸಿ ಹೆಸರು ಬರೆಸಿದ ಮಾತ್ರಕ್ಕೆ ಅದು ಪೂರ್ಣಗೊಳ್ಳುವುದೇ? ಅಥವಾ ಸಂಸ್ಥೆಯ ಆಗುಹೋಗುಗಳಲ್ಲಿ ಮಾತನಾಡುವ ಅಧಿಕಾರ ದೊರೆತಾಗಲೇ ಅದಕ್ಕೆ ಅರ್ಥ ಬರುವುದೇ? ಮೇಲ್ನೋಟಕ್ಕೆ ಇದು ಕಾನೂನಿನ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಸದಸ್ಯನು ಹದಿನೆಂಟು ತುಂಬದ ಬಾಲಕನಾದಾಗ ಇದು ಧರ್ಮಸೂಕ್ಷ್ಮದ ಪ್ರಶ್ನೆಯಾಗಿ ಮಾರ್ಪಡುತ್ತದೆ. ಚದುರಂಗದ ಸಂಘಟನೆಗಳಲ್ಲಿ ಈ ಪ್ರಶ್ನೆ ಎದ್ದು ಕಾಣುವಷ್ಟು ಬೇರೆಲ್ಲಿಯೂ ಕಾಣದು. ಏಕೆಂದರೆ ಆ ಆಟವೊಂದರಲ್ಲೇ ಹತ್ತು ವರ್ಷದ ಮಗುವೂ ಅರವತ್ತರ ಹಿರಿಯರೂ ಒಂದೇ ಮಣೆಯ ಮುಂದೆ, ಒಂದೇ ನಿಯಮಕ್ಕೆ ಒಳಪಟ್ಟು ಸಮಾನರಾಗಿ ಕುಳಿತುಕೊಳ್ಳುತ್ತಾರೆ.

ಯಾದಗಿರಿ ತಾಲ್ಲೂಕಿನ ಹತ್ತಿಕುಣಿಯಲ್ಲಿ ಹದಿನಾಲ್ಕರ ಬಾಲಕಿಯೊಬ್ಬಳು ಚದುರಂಗ ಕಲಿತಳೆಂದು ಭಾವಿಸಬಹುದು. ಈ ನೆಲಕ್ಕೆ ಆ ಆಟ ಹೊಸತಲ್ಲ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿಯೇ ಅದರ ವಿವರಣೆ ಇದೆ. ಬಾಲಕಿ ಶಾಲೆಯಲ್ಲಿ ಗೆದ್ದು, ಜಿಲ್ಲೆಯಲ್ಲಿ ಗೆದ್ದು, ರಾಜ್ಯದ ಪರವಾಗಿ ಆಡುವ ಹಂತಕ್ಕೆ ಬರುತ್ತಾಳೆ. ರಾಷ್ಟ್ರಮಟ್ಟದಲ್ಲಿ ಆಡಲು ಅಖಿಲ ಭಾರತ ಚೆಸ್ ಒಕ್ಕೂಟದಲ್ಲಿ ಅವಳ ಹೆಸರು ನೋಂದಣಿಯಾಗಬೇಕು, ಶುಲ್ಕ ಕಟ್ಟಬೇಕು. ಪಂದ್ಯದ ಸ್ಥಳ, ದಿನ, ಪ್ರವೇಶ ಶುಲ್ಕ, ತಂಗುವ ವ್ಯವಸ್ಥೆ, ಆಯ್ಕೆಯ ಕ್ರಮ ಇವೆಲ್ಲವನ್ನೂ ಬೇರೆಯವರು ನಿರ್ಧರಿಸುತ್ತಾರೆ. ಪಂದ್ಯವು ಶಾಲಾ ಪರೀಕ್ಷೆಯ ವಾರದಲ್ಲಿಯೇ ಬಿದ್ದರೆ ನಷ್ಟ ಅವಳದು. ಆದರೆ ಆ ನಿರ್ಧಾರ ಕೈಗೊಂಡವರನ್ನು ಆರಿಸುವಲ್ಲಿ ಅವಳ ಪಾಲು ಶೂನ್ಯ. ಇದು ನ್ಯಾಯವೇ?

ಒಕ್ಕೂಟವು 1951ರಲ್ಲಿ ಸ್ಥಾಪನೆಗೊಂಡಿತು. ಅದರ ಪದಾಧಿಕಾರಿಗಳನ್ನು ಆರಿಸುವವರು ಆಟಗಾರರಲ್ಲ, ರಾಜ್ಯ ಸಂಸ್ಥೆಗಳ ಪ್ರತಿನಿಧಿಗಳು. 2021ರ ಜನವರಿಯಲ್ಲಿ ನಡೆದ ಚುನಾವಣೆಯಲ್ಲಿ ಪ್ರತಿ ರಾಜ್ಯ ಸಂಸ್ಥೆಗೆ ಎರಡರಂತೆ ಒಟ್ಟು 64 ಮತಗಳಿದ್ದವು. ಅಧ್ಯಕ್ಷ ಸ್ಥಾನವು 33ಕ್ಕೆ 31 ಮತಗಳ ಅಂತರದಲ್ಲಿ ತೀರ್ಮಾನವಾಯಿತು. 7 ವರ್ಷದೊಳಗಿನವರಿಂದ 19 ವರ್ಷದೊಳಗಿನವರವರೆಗೆ ಹಲವು ವಯೋಮಾನಗಳಲ್ಲಿ ರಾಷ್ಟ್ರೀಯ ಸ್ಪರ್ಧೆ ನಡೆಸುವ ದೇಶವೊಂದರಲ್ಲಿ, ಆ ಮಕ್ಕಳೆಲ್ಲರ ಆಟದ ಭವಿಷ್ಯ ಎರಡೇ ಮತಗಳ ಮೇಲೆ ನಿಂತಿತ್ತು.

ಅಮೆರಿಕದ ರೀತಿ ಬೇರೆ. 1939ರಲ್ಲಿ ಸ್ಥಾಪಿತವಾದ ಅಲ್ಲಿನ ಚದುರಂಗ ಒಕ್ಕೂಟದಲ್ಲಿ ಸದಸ್ಯರೇ ಕಾರ್ಯಕಾರಿ ಮಂಡಳಿಗೆ ನೇರವಾಗಿ ಮತ ನೀಡುತ್ತಾರೆ. ಸದಸ್ಯರಲ್ಲಿ ದೊಡ್ಡ ಪಾಲು ಶಾಲಾ ಮಕ್ಕಳದು. ಮತಾಧಿಕಾರಕ್ಕೆ ಇಟ್ಟ ವಯೋಮಿತಿ ಮಾತ್ರ 16. ದೇಶದ ಚುನಾವಣೆಗಿಂತ ಎರಡು ವರ್ಷ ಕಡಿಮೆ. ಹೀಗಿದ್ದೂ ಹದಿನಾರರ ಕೆಳಗಿನ ಅಸಂಖ್ಯ ಮಕ್ಕಳು ಅಲ್ಲಿಯೂ ಶುಲ್ಕ ಕೊಡುವ, ಮತ ಕೊಡದ ಸದಸ್ಯರೇ.

ಕಿರಿಯರಿಗೆ ಮತ ಕೂಡದೆನ್ನುವವರ ಮೊದಲ ವಾದ ಅಪಕ್ವತೆಯದು. ಮಗುವಿಗೆ ವಿವೇಕ ಬಲಿತಿಲ್ಲ ಎನ್ನುತ್ತಾರೆ. ಈ ವಾದವು ಚದುರಂಗದ ಮುಂದೆ ತಲೆಯೆತ್ತಿ ನಿಲ್ಲಲಾರದು. 2006ರಲ್ಲಿ ಜನಿಸಿದ ಡಿ. ಗುಕೇಶ್ ಹನ್ನೆರಡನೆಯ ವಯಸ್ಸಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದವರು. 2022ರಲ್ಲಿ ಮಾಮಲ್ಲಪುರದಲ್ಲಿ ಜರುಗಿದ ಒಲಿಂಪಿಯಾಡಿನಲ್ಲಿ, ಹದಿನಾರರ ಹರೆಯದಲ್ಲಿ, ಭಾರತದ ಎರಡನೆಯ ತಂಡದ ಮೊದಲ ಮಣೆಯಲ್ಲಿ ಕುಳಿತು ಸತತ ಎಂಟು ಆಟಗಳನ್ನು ಗೆದ್ದರು. 2024ರ ಏಪ್ರಿಲ್ 19ರಂದು ತಮಿಳುನಾಡಿನ ಜನರು ಲೋಕಸಭೆಗೆ ಮತ ಚಲಾಯಿಸುತ್ತಿದ್ದಾಗ ಅವರು ಟೊರಾಂಟೊದಲ್ಲಿ ವಿಶ್ವಪಟ್ಟದ ಅರ್ಹತಾ ಪಂದ್ಯಾವಳಿ ಆಡುತ್ತಿದ್ದರು. ಊರಿನಲ್ಲಿದ್ದರೂ ಅವರಿಗೆ ಮತವಿರಲಿಲ್ಲ, ಹದಿನೆಂಟು ತುಂಬಲು ಇನ್ನೂ ಆರು ವಾರಗಳಿದ್ದವು. ಅದೇ ವರ್ಷ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಅವರು ವಿಶ್ವ ಚಾಂಪಿಯನ್ ಆದರು. ಇಂತಹವರಿಗೆ ಪಂದ್ಯದ ವೇಳಾಪಟ್ಟಿಯ ಬಗ್ಗೆ ಅಭಿಪ್ರಾಯ ಹೇಳುವಷ್ಟು ಬುದ್ಧಿಯಿಲ್ಲವೆಂದು ಯಾರು ಹೇಳಿಯಾರು?

ಆದರೆ ಇಲ್ಲಿ ಅವಸರ ಸಲ್ಲದು. ಆಟದ ಬುದ್ಧಿ ಬೇರೆ, ಆಡಳಿತದ ವಿವೇಕ ಬೇರೆ. ಕುದುರೆಯನ್ನು ಎಲ್ಲಿಡಬೇಕೆಂದು ಬಲ್ಲವನು ಲೆಕ್ಕಪತ್ರದಲ್ಲಿನ ದೋಷವನ್ನು ಬಲ್ಲನೆಂದು ಹೇಳಲಾಗದು. ಅದೂ ಅಲ್ಲದೆ ಅಸಾಧಾರಣ ಪ್ರತಿಭೆಯನ್ನು ಮುಂದಿಟ್ಟು ಸಾಮಾನ್ಯ ಹಕ್ಕನ್ನು ಸಾಧಿಸಹೊರಡುವುದು ತರ್ಕದೋಷ. ಹಕ್ಕು ಗೆದ್ದವನಿಗೆ ಮಾತ್ರ ಮೀಸಲಾದರೆ ಮೊದಲ ಸುತ್ತಿನಲ್ಲಿ ಸೋತು ರೈಲು ಹತ್ತುವ ಮಗುವಿನ ಗತಿಯೇನು? ಹಕ್ಕಿನ ಅಗತ್ಯ ಹೆಚ್ಚಾಗಿರುವುದು ಆ ಮಗುವಿಗೇ.

ಎರಡನೆಯ ವಾದ ಹೊಣೆಗಾರಿಕೆಯದು. 1872ರ ಕರಾರು ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಕನಿಗೆ ಕರಾರು ಮಾಡುವ ಅರ್ಹತೆಯಿಲ್ಲ. ಅವನು ಮಾಡಿದ ಕರಾರು ಆರಂಭದಿಂದಲೇ ಶೂನ್ಯವೆಂದು 1903ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ಸಂಸ್ಥೆ ಸಾಲದಲ್ಲಿ ಬಿದ್ದರೆ, ಮೊಕದ್ದಮೆ ಎದುರಾದರೆ ಹೊಣೆ ಹೊರದವನು ನಿರ್ಧಾರದಲ್ಲಿ ಹೇಗೆ ಭಾಗಿಯಾದಾನು? ಈ ಮಾತಿನಲ್ಲಿ ತೂಕವಿದೆ. ಆದರೆ ವ್ಯಾಪಾರದ ಮನೆತನಗಳಿಗೆ ಪರಿಚಿತವಾದ ಇನ್ನೊಂದು ಕಾನೂನು ಇಲ್ಲಿ ದಾರಿ ತೋರುತ್ತದೆ. 1932ರ ಪಾಲುದಾರಿಕೆ ಕಾಯಿದೆಯ 30ನೆಯ ಕಲಮು, ಎಲ್ಲ ಪಾಲುದಾರರೂ ಒಪ್ಪಿದರೆ, ಅಪ್ರಾಪ್ತ ವಯಸ್ಕನನ್ನು ಅಂಗಡಿಯ ಲಾಭಕ್ಕೆ ಸೇರಿಸಿಕೊಳ್ಳಲು ಅವಕಾಶ ನೀಡಿದೆ. ಅವನು ವೈಯಕ್ತಿಕವಾಗಿ ನಷ್ಟಕ್ಕೆ ಹೊಣೆಯಲ್ಲ. ಆದರೆ ತನ್ನ ಪಾಲನ್ನು ಪಡೆಯುವ ಹಾಗೂ ಲೆಕ್ಕದ ಪುಸ್ತಕಗಳನ್ನು ನೋಡುವ, ನಕಲು ತೆಗೆದುಕೊಳ್ಳುವ ಹಕ್ಕು ಅವನಿಗಿದೆ. ಪ್ರಾಯಕ್ಕೆ ಬಂದ ಆರು ತಿಂಗಳೊಳಗೆ ಪಾಲುದಾರನಾಗುವೆನೋ ಇಲ್ಲವೋ ಎಂಬುದನ್ನು ಅವನೇ ತೀರ್ಮಾನಿಸಬೇಕು. ಪೂರ್ಣ ಅಧಿಕಾರಕ್ಕೂ ಪೂರ್ಣ ಮೌನಕ್ಕೂ ನಡುವೆ ಒಂದು ಗೌರವಯುತವಾದ ಸ್ಥಾನವಿದೆಯೆಂಬುದನ್ನು ಕಾನೂನು ಬಹುಕಾಲದ ಹಿಂದೆಯೇ ಕಂಡುಕೊಂಡಿತ್ತು.

ಮೂರನೆಯ ವಾದವೇ ನಿಜವಾಗಿ ಕಠಿಣವಾದುದು. ಮಗುವಿನ ಕೈಗೆ ಮತಪತ್ರ ಕೊಟ್ಟರೆ ಅದರ ಮೇಲೆ ಗುರುತು ಹಾಕುವವರು ಯಾರು? ಮೂವರು ಮಕ್ಕಳಿರುವ ತಂದೆಗೆ ನಾಲ್ಕು ಮತ ಸಿಕ್ಕೀತು. ನಲವತ್ತು ಶಿಷ್ಯರಿರುವ ತರಬೇತುದಾರನಿಗೆ ನಲವತ್ತೊಂದು ಮತ ಸಿಕ್ಕೀತು. ತಂಡಕ್ಕೆ ಆಯ್ಕೆಯಾಗುವ ಆಸೆ, ಗುರುವಿನ ಮುನಿಸಿನ ಭಯ, ಇವೆರಡರ ನಡುವೆ ಹನ್ನೊಂದರ ಬಾಲಕನು ಸ್ವತಂತ್ರನಾಗಿ ಮತ ನೀಡಬಲ್ಲನೆಂದು ನಂಬುವುದು ಸುಲಭವಲ್ಲ. ಹೀಗಾದಲ್ಲಿ ಮಗುವಿಗೆ ಕೊಟ್ಟ ಹಕ್ಕು ಮಗುವನ್ನು ತಲುಪದೆ, ಮಗುವಿನ ಮೇಲೆ ಮೊದಲೇ ಅಧಿಕಾರವಿರುವವರ ಕೈಯನ್ನು ಇನ್ನಷ್ಟು ಬಲಪಡಿಸುತ್ತದೆ. ಕರುಣೆಯಿಂದ ಮಾಡಿದ ಕಾರ್ಯವೇ ಹಿಂಸೆಗೆ ಸಾಧನವಾಗುವ ಸಂದರ್ಭವಿದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ವಾದವು ಮಗುವಿನ ಕೊರತೆಯನ್ನು ಹೇಳುತ್ತಿಲ್ಲ. ಹಿರಿಯರ ಕೊರತೆಯನ್ನು ಹೇಳುತ್ತದೆ. ಮತವನ್ನು ಕಸಿಯುವವರು ಹಿರಿಯರು. ಆ ಕಾರಣಕ್ಕಾಗಿ ಮತ ಕಳೆದುಕೊಳ್ಳುವವರು ಕಿರಿಯರು. ಕಳ್ಳನ ಭಯದಿಂದ ಒಡೆಯನಿಗೇ ಒಡವೆ ಬೇಡವೆಂದ ಹಾಗಾಯಿತು. ಆದುದರಿಂದ ಇದನ್ನು ಒಪ್ಪುವವರು ಅದರ ಜೊತೆಗೇ ಒಂದು ಋಣವನ್ನೂ ಒಪ್ಪಬೇಕಾಗುತ್ತದೆ: ಮತ ಕೊಡಲಾಗದಿದ್ದಲ್ಲಿ ಅದಕ್ಕೆ ಬದಲಾಗಿ ಏನನ್ನು ಕೊಡುವಿರಿ?

ಹಿರಿಯ ಆಟಗಾರರ ಸ್ಥಿತಿಯೂ ಬಹಳ ಭಿನ್ನವಲ್ಲವೆಂಬುದು ಇಲ್ಲಿ ಸ್ಮರಣೀಯ. 2022ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಚುನಾವಣೆಯಲ್ಲಿ 36 ರಾಜ್ಯ ಪ್ರತಿನಿಧಿಗಳ ಜೊತೆಗೆ 36 ಹೆಸರಾಂತ ಆಟಗಾರರಿಗೂ ಮತ ನೀಡಿತು. ಅಂತರರಾಷ್ಟ್ರೀಯ ಸಂಸ್ಥೆ ಭಾರತವನ್ನು ಅಮಾನತಿನಲ್ಲಿಟ್ಟ ಬಳಿಕ, ಆಗಸ್ಟ್ 22ರಂದು ಆಟಗಾರರ ಮತವನ್ನು ಕೈಬಿಡಬೇಕಾಯಿತು. 2025ರಲ್ಲಿ ಅಂಗೀಕಾರವಾದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯು ಆಟಗಾರರ ಸಮಿತಿಯನ್ನು ಕಡ್ಡಾಯಗೊಳಿಸಿ, ಕಾರ್ಯಕಾರಿ ಸಮಿತಿಯಲ್ಲಿ ಆಟಗಾರರಿಗೆ ಸ್ಥಾನ ಕಲ್ಪಿಸಿದೆ. ಮಹಿಳಾ ಹಾಗೂ ಅಪ್ರಾಪ್ತ ಆಟಗಾರರ ರಕ್ಷಣೆಗೆ ನೀತಿಯೊಂದು ಇರಬೇಕೆಂದೂ ವಿಧಿಸಿದೆ. ಇದು ಸ್ವಾಗತಾರ್ಹ. ಆದರೆ ರಕ್ಷಣೆಯೇ ಬೇರೆ, ಆಲಿಸುವಿಕೆಯೇ ಬೇರೆ. ಮನೆಯವರನ್ನು ಬಿಟ್ಟು ದೂರದ ಊರಿನಲ್ಲಿ ತಂಗುವ ಬಾಲಕಿಗೆ ಯಾರಾದರೂ ಕಿರುಕುಳ ಕೊಟ್ಟರೆ, ದೂರನ್ನು ಕೇಳಬೇಕಾದವರು ಅವಳ ಮಾತಿಗೆ ಎಂದೂ ಕಿವಿಗೊಟ್ಟವರಾಗಿರದಿದ್ದರೆ, ಅವಳು ಬಾಯಿ ತೆರೆಯುವಳೇ? ಸಣ್ಣ ಸಂಗತಿಗಳಲ್ಲಿ ಮಾತನಾಡಲು ಕಲಿಸದವರು ದೊಡ್ಡ ಆಪತ್ತಿನಲ್ಲಿ ಅವಳು ಮಾತನಾಡಲಿಲ್ಲವೆಂದು ದೂರುವ ಹಾಗಿಲ್ಲ.

ಬದಲಿಗೆ ಏನನ್ನು ಕೊಡಬಹುದೆಂಬುದಕ್ಕೆ ಉತ್ತರವು ಹತ್ತಿಕುಣಿಯಂತಹ ಗ್ರಾಮಗಳಲ್ಲಿಯೇ ದೊರೆಯುತ್ತದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯನ್ನು ನಡೆಸಬೇಕು. ಈ ಪದ್ಧತಿಯ ಬೀಜ ಬಿದ್ದುದು 1990ರ ದಶಕದಲ್ಲಿ ಕುಂದಾಪುರದ ಕಡೆ ರೂಪುಗೊಂಡ ಮಕ್ಕಳ ಪಂಚಾಯಿತಿಗಳಲ್ಲಿ. ಮಗುವಿಗೆ ಸಂಬಂಧಿಸಿದ ವಿಷಯಗಳಲ್ಲಿ ಅದರ ವಯಸ್ಸು ಹಾಗೂ ಪಕ್ವತೆಗೆ ಅನುಗುಣವಾಗಿ ಅದರ ಅಭಿಪ್ರಾಯಕ್ಕೆ ಬೆಲೆ ಸಲ್ಲಬೇಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಅಂಗೀಕರಿಸಿತು. ಮಕ್ಕಳ ಗ್ರಾಮಸಭೆಯಲ್ಲಿ ಮತದಾನವಿಲ್ಲ. ಮಗು ಎದ್ದುನಿಂತು, ಶಾಲೆಯ ಶೌಚಾಲಯಕ್ಕೆ ಬಾಗಿಲಿಲ್ಲವೆಂದು ಹೇಳಬಹುದು, ಅಧ್ಯಕ್ಷರು ಕೇಳಬೇಕು. ಆ ಸಭೆಯ ಜೀವವಿರುವುದು ಮಗುವಿನ ಪ್ರಶ್ನೆಯಲ್ಲಿ ಅಲ್ಲ, ಹಿರಿಯರ ಉತ್ತರದಲ್ಲಿ. ಕಳೆದ ವರ್ಷ ಕೇಳಿದ ಬಾಗಿಲು ಈ ವರ್ಷವೂ ಬಾರದಿದ್ದರೆ, ಏಕೆ ಬರಲಿಲ್ಲವೆಂದು ಹೇಳುವವರೂ ಇಲ್ಲದಿದ್ದರೆ, ಸಭೆಯು ಬರಿಯ ಉತ್ಸವವಾಗುತ್ತದೆ. ತನ್ನ ಮಾತಿಗೆ ಬೆಲೆಯಿಲ್ಲವೆಂಬ ಪಾಠವನ್ನು ಮಗು ಅಲ್ಲಿಂದಲೇ ಕಲಿತು ಮನೆಗೆ ಮರಳುತ್ತದೆ.

ಇವೆಲ್ಲವನ್ನೂ ತೂಗಿ ನೋಡಿದಾಗ ಒಂದು ಮಧ್ಯಮ ಮಾರ್ಗ ಗೋಚರಿಸುತ್ತದೆ. ಹದಿನಾರು ತುಂಬಿದ ಸದಸ್ಯರಿಗೆ ಗುಪ್ತ ಮತದಾನದ ಮೂಲಕ ಪೂರ್ಣ ಮತ ಇರಲಿ. ಭಾರತವೇ 1989ರ ಮಾರ್ಚ್‌ನಲ್ಲಿ ಅರುವತ್ತೊಂದನೆಯ ತಿದ್ದುಪಡಿಯ ಮೂಲಕ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಹದಿನೆಂಟೆಂಬುದು ಪ್ರಕೃತಿ ಎಳೆದ ಗೆರೆಯಲ್ಲ, ಮನುಷ್ಯರು ಎಳೆದ ಗೆರೆ. ಹದಿನಾರರ ಕೆಳಗಿನವರಿಗೆ ಮೂರು ಹಕ್ಕುಗಳಿರಲಿ: ತಮ್ಮ ಶುಲ್ಕ ಎಲ್ಲಿ ವ್ಯಯವಾಯಿತೆಂದು ತಿಳಿಯುವ ಹಕ್ಕು, ವರ್ಷಕ್ಕೊಮ್ಮೆ ಸಭೆಯಲ್ಲಿ ಮಾತನಾಡುವ ಹಕ್ಕು, ಹೇಳಿದ ಮಾತಿಗೆ ಲಿಖಿತ ಉತ್ತರ ಪಡೆಯುವ ಹಕ್ಕು. ಅವರ ಪರವಾಗಿ ತಂದೆತಾಯಿಗಳಾಗಲಿ ಗುರುಗಳಾಗಲಿ ಮತ ಚಲಾಯಿಸುವುದು ಬೇಡ. ಮಗುವಿನ ಮೌನವನ್ನು ತನ್ನ ಮತವಾಗಿ ಎಣಿಸಿಕೊಳ್ಳುವುದು, ಕೊಡದೆ ತೆಗೆದುಕೊಳ್ಳುವುದರ ಇನ್ನೊಂದು ರೂಪ.

ಈ ವಿಚಾರವು ಚದುರಂಗದ ಸಂಘಟನೆಗಳಿಗಷ್ಟೇ ಸೀಮಿತವಲ್ಲ. ಬಸದಿಗಳ ಟ್ರಸ್ಟುಗಳಲ್ಲಿ, ಪಾಠಶಾಲೆಗಳ ಸಮಿತಿಗಳಲ್ಲಿ, ಸಮಾಜದ ವಿದ್ಯಾರ್ಥಿನಿಲಯಗಳಲ್ಲಿಯೂ ಮಕ್ಕಳ ಹೆಸರಿನಲ್ಲಿ ಹಣ ಸಂಗ್ರಹವಾಗುತ್ತದೆ, ಮಕ್ಕಳ ಸಂಖ್ಯೆಯಿಂದ ಸಂಸ್ಥೆಯ ಘನತೆ ಬೆಳೆಯುತ್ತದೆ. ವಾರ್ಷಿಕ ಸಭೆಯ ದಿನ ಮಾತ್ರ ಅವರಿಗೆ ವೇದಿಕೆಯ ಮೇಲೆ ಪ್ರಾರ್ಥನೆಗೀತೆ ಹಾಡುವ ಕೆಲಸ. ಹಾಡು ಮುಗಿದ ಮೇಲೆ ಅವರನ್ನು ಹೊರಗೆ ಕಳುಹಿಸಿ ಬಾಗಿಲು ಮುಚ್ಚಲಾಗುತ್ತದೆ. ಸತ್ಯಕ್ಕೆ ಹಲವು ಮುಖಗಳುಂಟೆಂಬ ಅನೇಕಾಂತವನ್ನು ಪಾಠಶಾಲೆಯಲ್ಲಿ ಮಕ್ಕಳಿಗೆ ಬೋಧಿಸುವ ಸಮಾಜವು, ಮಕ್ಕಳಿಗೆ ಕಾಣುವ ಮುಖವೂ ಅವುಗಳಲ್ಲೊಂದೆಂದು ಒಪ್ಪುವುದು ಉಚಿತವಾದುದು.

ಚದುರಂಗದಲ್ಲಿ ಕಾಲಾಳು ಎಲ್ಲಕ್ಕಿಂತ ಕಿರಿದು. ಒಂದೊಂದೇ ಮನೆ ದಾಟಿ ಕೊನೆಯ ಸಾಲು ಮುಟ್ಟಿದಾಗ ಅದಕ್ಕೆ ಮಂತ್ರಿಯ ಪದವಿ ದೊರೆಯುತ್ತದೆ. ಆದರೆ ಅಲ್ಲಿಯವರೆಗೂ ಅದು ಮಣೆಯ ಮೇಲೆಯೇ ಇರುತ್ತದೆ; ಯಾರೂ ಅದನ್ನು ಪೆಟ್ಟಿಗೆಯಲ್ಲಿಟ್ಟು ಕಾಯಿಸುವುದಿಲ್ಲ. ಮುಂದಿನ ವಾರ್ಷಿಕ ಸಭೆಯಲ್ಲಿ ಹಾಡು ಮುಗಿದ ಬಳಿಕ ಬಾಗಿಲು ಮುಚ್ಚುವ ಮುನ್ನ, ಹೊರಗೆ ಹೊರಟ ಮಕ್ಕಳನ್ನು ಕ್ಷಣಕಾಲ ನಿಲ್ಲಿಸಿ, ನಿಮಗೇನಾದರೂ ಹೇಳುವುದಿದೆಯೇ ಎಂದು ಕೇಳುವ ಹಿರಿಯರೊಬ್ಬರು ಪ್ರತಿ ಸಂಸ್ಥೆಯಲ್ಲೂ ಇರಲಿ. ಕೇಳಿದ ಮೇಲೆ ಉತ್ತರವನ್ನೂ ಕೊಡುವಂತಾಗಲಿ.