ಅಳತೆಗೋಲು ಮತ್ತು ಆಕಾಶ

ಒಂದೇ ಜಾತಿಯವೆಂದು ನಂಬಿದ ವಸ್ತುಗಳು ಒಂದಕ್ಕೊಂದು ಭಿನ್ನವೆಂದು ತಿಳಿದುಬಂದಾಗ ಏನು ಮಾಡತಕ್ಕದ್ದು? ಅಳತೆಗೋಲನ್ನು ಬಿಸುಡಬೇಕೆ, ಭಿನ್ನತೆಗೆ ಕಣ್ಣು ಮುಚ್ಚಿಕೊಳ್ಳಬೇಕೆ? ಮೂವತ್ತು ವರ್ಷಗಳಿಗೂ ಮಿಗಿಲಾಗಿ ಈ ಗಡಿಭಾಗದ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಉತ್ತರಪತ್ರಿಕೆಗಳನ್ನು ತಿದ್ದಿದ ನಮಗೆ ಈ ಪ್ರಶ್ನೆ ಹೊಸದಲ್ಲ. ಉತ್ತರದ ಸುಳಿವು ಮಾತ್ರ ನಿವೃತ್ತಿಯ ಅನಂತರ, ಖಗೋಳದ ಪುಸ್ತಕಗಳನ್ನು ಓದುವಾಗ ದೊರೆಯಿತು.

ಸೂರ್ಯನಂತಹ ನಕ್ಷತ್ರವು ತನ್ನ ಇಂಧನವನ್ನು ತೀರಿಸಿಕೊಂಡ ಮೇಲೆ ಉಳಿಯುವ ತಿರುಳಿಗೆ ಶ್ವೇತಕುಬ್ಜವೆಂದು ಹೆಸರು. ಸೂರ್ಯನ ದ್ರವ್ಯದಷ್ಟು ದ್ರವ್ಯ ಭೂಮಿಯಷ್ಟು ಗಾತ್ರದಲ್ಲಿ ಅಡಕವಾಗಿರುತ್ತದೆ. ಅದಕ್ಕೊಂದು ಮಿತಿಯುಂಟೆಂದು 1930ರಲ್ಲಿ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕುಳಿತು ಲೆಕ್ಕ ಹಾಕಿದವರು 19 ವರ್ಷದ ತರುಣ ಸುಬ್ರಹ್ಮಣ್ಯನ್ ಚಂದ್ರಶೇಖರ್. ಸೂರ್ಯನ ಸುಮಾರು 1.4 ಪಟ್ಟು ಎಂಬುದು ಇಂದು ಒಪ್ಪಿರುವ ಮಿತಿ. ಜೊತೆಯ ನಕ್ಷತ್ರದಿಂದ ದ್ರವ್ಯವನ್ನು ಸೆಳೆದು ಈ ಮಿತಿಯನ್ನು ಸಮೀಪಿಸಿದ ಶ್ವೇತಕುಬ್ಜ ಸಿಡಿಯುತ್ತದೆ. ಎಲ್ಲವೂ ಒಂದೇ ತೂಕದಲ್ಲಿ ಸಿಡಿಯುವುದಾದರೆ ಎಲ್ಲದರ ಬೆಳಕೂ ಒಂದೇ ಆಗಿರಬೇಕು. ಮಂಕಾಗಿ ಕಂಡದ್ದು ದೂರದ್ದು, ಪ್ರಖರವಾಗಿ ಕಂಡದ್ದು ಹತ್ತಿರದ್ದು. ವಿಶ್ವವನ್ನು ಅಳೆಯಲು ಗಜಕಡ್ಡಿ ದೊರೆತಂತಾಯಿತು.

1991ರಲ್ಲಿ ಈ ನಂಬಿಕೆಗೆ ಪೆಟ್ಟು ಬಿದ್ದಿತು. ಆ ಒಂದೇ ವರ್ಷ ಕಂಡ ಎರಡು ಸೂಪರ್‌ನೋವಾಗಳಲ್ಲಿ ಒಂದು ಇರಬೇಕಾದುದಕ್ಕಿಂತ ಪ್ರಖರ, ಇನ್ನೊಂದು ತೀರ ಮಂಕು. 1993ರಲ್ಲಿ ಮಾರ್ಕ್ ಫಿಲಿಪ್ಸ್ ಎಂಬ ವಿಜ್ಞಾನಿ ಆ ವ್ಯತ್ಯಾಸದಲ್ಲಿಯೇ ಒಂದು ಕ್ರಮವನ್ನು ಕಂಡರು: ಹೆಚ್ಚು ಪ್ರಖರವಾದುದು ನಿಧಾನವಾಗಿ ಆರುತ್ತದೆ, ಮಂಕಾದುದು ಬೇಗ ಆರುತ್ತದೆ. ಸ್ಫೋಟದಲ್ಲಿ ಹುಟ್ಟುವ ವಿಕಿರಣಶೀಲ ನಿಕಲ್ ಹೆಚ್ಚಾದಷ್ಟೂ ಬೆಳಕು ಹೆಚ್ಚು. ಸಿಡಿದ ದ್ರವ್ಯ ಆ ಬೆಳಕನ್ನು ಹಿಡಿದಿಟ್ಟು ಮೆಲ್ಲಮೆಲ್ಲನೆ ಬಿಡುತ್ತದೆ. ಆರುವ ವೇಗವನ್ನು ನೋಡಿ ಬೆಳಕನ್ನು ತಿದ್ದಿಕೊಂಡರೆ ಗಜಕಡ್ಡಿ ಮತ್ತೆ ಕೆಲಸಕ್ಕೆ ಬರುತ್ತದೆ. ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆಯೆಂದು 1998ರಲ್ಲಿ ಎರಡು ತಂಡಗಳು ಸಾರಿದ್ದು ಇಂತಹ ತಿದ್ದುಪಡಿಯ ಬಲದಿಂದಲೇ. 2011ರ ನೊಬೆಲ್ ಅದಕ್ಕೆ ಸಂದಿತು.

ಓದುತ್ತಿದ್ದ ನಾವು ‘ನಿಧಾನ’ ಎಂಬ ಮಾತಿನ ಬಳಿ ನಿಂತೆವು. ನಮ್ಮ ತರಗತಿಯಲ್ಲಿ ನಾರಾಯಣಪೇಟೆಯ ಕಡೆಯ, ನೇಯುವ ಮನೆಯ ಹುಡುಗನೊಬ್ಬನಿದ್ದನು. ಐದು ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಮುಗಿಸುವನು. ಬರೆದ ಮೂರೂ ಸರಿ. ಅವನ ಪ್ರಗತಿಪತ್ರದಲ್ಲಿ ‘ಮಂದ’ ಎಂದು ಷರಾ ಬರೆದು ಸಹಿ ಹಾಕಿದವರು ನಾವೇ. ಒಂದು ವರ್ಷ ಕೃಪಾಂಕ ಕೊಟ್ಟು ಮುಂದಿನ ತರಗತಿಗೆ ಕಳುಹಿಸಿ, ದಯೆ ತೋರಿದೆವೆಂದು ತೃಪ್ತಿಪಟ್ಟೆವು. ಫಿಲಿಪ್ಸರು ಮಂಕಾದ ನಕ್ಷತ್ರಕ್ಕೆ ಕೃಪಾಂಕ ಕೊಡಲಿಲ್ಲ. ಅದು ಹಾಗೇಕೆಂದು ವಿಚಾರಿಸಿದರು. ದಯೆಗೆ ವಿಚಾರಣೆ ಬೇಕಿಲ್ಲ; ನ್ಯಾಯಕ್ಕೆ ಬೇಕು. ನಕ್ಷತ್ರಕ್ಕೂ ಮಗುವಿಗೂ ಹೋಲಿಕೆಯನ್ನು ಬಹಳ ಎಳೆಯಬಾರದೆಂಬುದನ್ನು ಬಲ್ಲೆವು, ಆದರೂ ಇದೊಂದು ಮಾತು ನಮ್ಮನ್ನು ಬಿಡಲಿಲ್ಲ.

ತಿದ್ದುಪಡಿಗೂ ಒಗ್ಗದವು ಕೆಲವುಂಟು. 2012ರಲ್ಲಿ ಕಂಡ ಒಂದು ಸ್ಫೋಟದ ಜಾಗವನ್ನು ಹಬಲ್ ದೂರದರ್ಶಕವು ಮೊದಲೇ ಚಿತ್ರಿಸಿತ್ತು. ಸಿಡಿಯುವ ಮುನ್ನ ಅಲ್ಲಿದ್ದ ಬೆಳಕಿನ ಚುಕ್ಕೆ ಆ ಚಿತ್ರದಲ್ಲಿ ಸಿಕ್ಕಿತು. ವರ್ಷಗಳ ಮೇಲೆ ಹಬಲ್ ಮತ್ತೆ ನೋಡಿದಾಗ ಆ ಚುಕ್ಕೆ ಅಳಿದಿರಲಿಲ್ಲ, ಮೊದಲಿಗಿಂತ ಪ್ರಖರವಾಗಿಯೇ ಇತ್ತು. ಶ್ವೇತಕುಬ್ಜ ಪೂರ್ತಿ ಚೂರಾಗದೆ ಉಳಿದಿರಬಹುದೆಂದು ಊಹೆ. ಇಂತಹವನ್ನು ಕೆಟ್ಟ ದೀಪಗಳೆಂದು ತಳ್ಳದೆ ಬೇರೆಯದೇ ವರ್ಗವಾಗಿ ಇರಿಸಿ ಓದುತ್ತಿದ್ದಾರೆ. ಇನ್ನು ನೋವಾಗಳಲ್ಲಿ ಸಿಡಿಯುವುದು ಶ್ವೇತಕುಬ್ಜದ ಮೇಲ್ಮೈ ಮಾತ್ರ. ಒಡಲು ಉಳಿಯುತ್ತದೆ, ಕೆಲವು ಮತ್ತೆ ಮತ್ತೆ ಸಿಡಿಯುತ್ತವೆ. ಅವುಗಳ ಅತಿನೇರಳೆ ಬೆಳಕನ್ನು ನಮ್ಮ ವಾಯುಮಂಡಲ ಬಹುಪಾಲು ತಡೆಯುವುದರಿಂದ ಅದನ್ನು ನೋಡಲು ಬಾನಿಗೇ ಹೋಗಬೇಕು. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್‌ನಲ್ಲಿ ಅಂತಹ ದೂರದರ್ಶಕವಿದೆ. ಅದನ್ನು ರೂಪಿಸುವಲ್ಲಿ ಮುಂದಾಳಾದದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಆಂಡ್ರೊಮಿಡಾ ಗೆಲಾಕ್ಸಿಯ 42 ನೋವಾಗಳ ಅತಿನೇರಳೆ ಬೆಳಕು ಅದಕ್ಕೆ ಕಂಡಿದೆ. ಲಡಾಖಿನ ಹಾನ್ಲೆಯಲ್ಲಿರುವ ಅದೇ ಸಂಸ್ಥೆಯ 2 ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಾರೆಂದು ಓದಿದಾಗ, ಕೃಷ್ಣೆಯ ಈಚೆ ದಡದಲ್ಲಿದ್ದರೂ, ಕನ್ನಡಿಗರೆಂದು ಸ್ವಲ್ಪ ಬೀಗಿದ್ದುಂಟು.

ಕಳೆದ ವರ್ಷ ಮದುವೆಯೊಂದರ ನಿಮಿತ್ತ ಸೀರೆ ಕೊಳ್ಳಲು ನಾರಾಯಣಪೇಟೆಗೆ ಹೋಗಿದ್ದೆವು. ಗದ್ವಾಲದ್ದು ಬೇಕೋ ಇಲ್ಲಿಯದೇ ಆದೀತೋ ಎಂದು ಮನೆಯವರು ಚರ್ಚಿಸುತ್ತಿರುವಾಗ ಒಳಗಿನಿಂದ ಬಂದಾತ ನಮ್ಮ ಕಾಲಿಗೆರಗಿದನು. ಅದೇ ಹುಡುಗ, ತಲೆ ನರೆತಿತ್ತು. ಈಗ ಸ್ವಂತ ಮಗ್ಗಗಳಿವೆ. ಅಂಚಿನ ಲೆಕ್ಕವನ್ನೆಲ್ಲ ಕಾಗದವಿಲ್ಲದೆ ಮನಸ್ಸಿನಲ್ಲಿಯೇ ಮಾಡುವನೆಂದು ಕೆಲಸದವರು ಹೇಳಿದರು. ಮಾತಿನ ನಡುವೆ ಹಳೆಯ ಪರೀಕ್ಷೆಗಳ ಸಂಗತಿ ಬಂದಿತು. ಮನೆಮಾತು ತೆಲುಗಾದ್ದರಿಂದ ಕನ್ನಡದ ಪ್ರತಿಯೊಂದು ಪ್ರಶ್ನೆಯನ್ನೂ ಒಳಗೇ ತೆಲುಗಿಗೆ ತಿರುಗಿಸಿ, ಯೋಚಿಸಿ, ಉತ್ತರವನ್ನು ಮರಳಿ ಕನ್ನಡಕ್ಕೆ ತರುವಷ್ಟರಲ್ಲಿ ಗಂಟೆ ಬಾರಿಸಿಬಿಡುತ್ತಿತ್ತಂತೆ.

ಆಗಲೇ ಏಕೆ ಹೇಳಲಿಲ್ಲವೆಂದು ಕೇಳಿದೆವು.

“ನೀವು ಕೇಳಲಿಲ್ಲಲ್ರೀ ಸರ್” ಎಂದು ನಕ್ಕು, ಆತ ಇನ್ನೊಂದು ಸೀರೆಯ ಮಡಿಕೆ ಬಿಚ್ಚಿದನು.